ಕ್ರಿಸ್ಮಸ್ ತಾತ: ಆಟವಿರಲಿ, ಸುಳ್ಳು ಬೇಡ



ಆಗಮನ ಕಾಲ ಬಂತೆಂದರೆ ಬಳ್ಳಾರಿಯ ಅಂಗಡಿಗಳಲ್ಲಿ ಕೆಂಪು ಟೊಪ್ಪಿಗೆ, ಹತ್ತಿಯ ಗಡ್ಡ ಕಾಣಿಸಿಕೊಳ್ಳುತ್ತವೆ. ಸಿರುಗುಪ್ಪ, ಕುರುಗೋಡಿನ ಮಕ್ಕಳೂ ಕ್ರಿಸ್ಮಸ್ ತಾತನನ್ನು ಟಿವಿ, ಮೊಬೈಲಿನಲ್ಲಿ ಕಂಡವರೇ. ಕ್ಯಾರಲ್ ತಂಡದ ಜೊತೆ ಆತ ಕುಣಿಯುತ್ತಾ ಬಂದು ಮಿಠಾಯಿ ಹಂಚಿದಾಗ ಅವರಿಗೆ ಎಲ್ಲಿಲ್ಲದ ಸಂತೋಷ. ಆದರೆ ಐದಾರು ವರ್ಷದ ಮಗು ಒಂದು ದಿನ, "ಅಮ್ಮಾ, ತಾತ ಖರೇನ ಇದ್ದಾನೇನು?" ಎಂದು ಕೇಳಿಯೇ ಕೇಳುತ್ತದೆ. ಹೌದೆಂದರೆ ಸುಳ್ಳಾದೀತು, ಇಲ್ಲವೆಂದರೆ ಮಗುವಿನ ಹಬ್ಬ ಕೆಟ್ಟೀತು ಎಂದು ಅನೇಕರು ಅಳುಕುತ್ತಾರೆ.

ಮೊದಲು ಈ ತಾತನ ಮೂಲ ತಿಳಿಯೋಣ. ಆತನ ಹಿಂದೆ ಇರುವವರು ನಾಲ್ಕನೆಯ ಶತಮಾನದ ಸಂತ ನಿಕೋಲಾಸರು. ಇಂದಿನ ಟರ್ಕಿ ದೇಶದಲ್ಲಿರುವ ಮೈರಾ ಪಟ್ಟಣದ ಧರ್ಮಾಧ್ಯಕ್ಷರು. ಮದುವೆಗೆ ಹಣವಿಲ್ಲದೆ ಕಂಗಾಲಾಗಿದ್ದ ಬಡವನೊಬ್ಬನ ಮೂವರು ಹೆಣ್ಣುಮಕ್ಕಳಿಗಾಗಿ ಅವರು ರಾತ್ರಿಯ ಹೊತ್ತು ಯಾರಿಗೂ ತಿಳಿಯದಂತೆ ಚಿನ್ನದ ಗಂಟುಗಳನ್ನು ಮನೆಯೊಳಗೆ ಎಸೆದರೆಂದು ಪರಂಪರೆ ಹೇಳುತ್ತದೆ. ಡಿಸೆಂಬರ್ 6 ಅವರ ಹಬ್ಬ. ಡಚ್ಚರ 'ಸಿಂಟರ್‌ಕ್ಲಾಸ್' ಅಮೆರಿಕದಲ್ಲಿ 'ಸಾಂತಾಕ್ಲಾಸ್' ಆದರು. 1823ರಲ್ಲಿ ಪ್ರಕಟವಾದ ಒಂದು ಪದ್ಯ ಅವರಿಗೆ ಎಂಟು ಹಿಮಸಾರಂಗಗಳ ಬಂಡಿ ಕೊಟ್ಟಿತು. 1931ರಿಂದ ಕೋಕಾ-ಕೋಲಾ ಜಾಹೀರಾತುಗಳು ಕೆಂಪು ಅಂಗಿಯ ನಗುವ ತಾತನನ್ನು ಲೋಕಕ್ಕೆಲ್ಲ ಪರಿಚಯಿಸಿದವು. ಹೀಗೆ ಬಡವರ ಗೆಳೆಯರಾಗಿದ್ದ ಧರ್ಮಾಧ್ಯಕ್ಷರು ಅಂಗಡಿಯ ತಾತನಾದರು.

ಹಾಗಾದರೆ ತಾತನ ವೇಷ ಪಾಪವೇ? ಅಲ್ಲ. ಸುಮಾರು 395ರಲ್ಲಿ ಸುಳ್ಳಿನ ಕುರಿತು ಗ್ರಂಥ ಬರೆದ ಸಂತ ಅಗಸ್ಟೀನರು ತಮಾಷೆಯ ಮಾತನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸಲಿಲ್ಲ. ಆಡುವವರ ದನಿಯೇ ಅದು ತಮಾಷೆಯೆಂದು ತಿಳಿಸುತ್ತದೆ. ಮೋಸಗೊಳಿಸುವ ಉದ್ದೇಶದಿಂದ ಅಸತ್ಯ ಆಡುವುದೇ ಸುಳ್ಳು ಎಂಬುದು ಧರ್ಮಸಭೆಯ ಬೋಧನೆ. ನಮ್ಮ ಬಳ್ಳಾರಿ ಸೀಮೆಯ ಹಗಲುವೇಷದವರನ್ನು ನೆನೆಯಿರಿ. ಬೀದಿಗೆ ಬಂದ ಹನುಮಂತ ಕಲಾವಿದನೆಂದು ಎಲ್ಲರೂ ಬಲ್ಲರು. ಆದರೂ ನೋಡುವ ಖುಷಿ ಕಡಿಮೆಯಾಗುವುದಿಲ್ಲ. ಕ್ರಿಸ್ಮಸ್ ತಾತನೂ ಹಾಗೆಯೇ ವೇಷವಾಗಿ ಬರಲಿ.

ಎರಡು ವಿಷಯಗಳಲ್ಲಿ ಮಾತ್ರ ಎಚ್ಚರ ಬೇಕು. ಮೊದಲನೆಯದು, "ತಾತ ನೋಡ್ತಿದ್ದಾನೆ, ಹಠ ಮಾಡಿದ್ರೆ ಏನೂ ಕೊಡಲ್ಲ" ಎಂಬ ಬೆದರಿಕೆ. ಇದು ಹಳೆಯ ಗುಮ್ಮನಿಗೆ ಕೆಂಪು ಅಂಗಿ ತೊಡಿಸಿದಂತೆ. ಎರಡನೆಯದು ಇನ್ನೂ ನೋವಿನದು. ಒಳ್ಳೆಯ ಮಕ್ಕಳಿಗೇ ತಾತ ಕೊಡುಗೆ ತರುತ್ತಾನೆಂದರೆ, ಪಕ್ಕದ ಮನೆಯ ಹುಡುಗನಿಗೆ ಸೈಕಲ್ ಬಂದು ತನಗೆ ಬಿಸ್ಕತ್ತಿನ ಪೊಟ್ಟಣವಷ್ಟೇ ಸಿಕ್ಕಿದ ಕೂಲಿಕಾರನ ಮಗು ಏನೆಂದುಕೊಳ್ಳಬೇಕು? 'ನಾನು ಕೆಟ್ಟವನು' ಎಂದಲ್ಲವೇ? ದನದ ಕೊಟ್ಟಿಗೆಯಲ್ಲಿ ಬಡವರಾಗಿ ಹುಟ್ಟಿದ ಪ್ರಭುವಿನ ಹಬ್ಬದಲ್ಲಿ ಬಡ ಮಗುವಿಗೆ ಇಂಥ ಪಾಠ ಸಲ್ಲದು.

ಆದ್ದರಿಂದ ಮಗು ಕೇಳಿದಾಗ ಅಂಜದೆ ನಿಜ ಹೇಳೋಣ: "ಇದು ವೇಷ ಕಣೋ. ಆದರೆ ಸಂತ ನಿಕೋಲಾಸರು ನಿಜವಾಗಿ ಇದ್ದರು. ಈಗ ಸ್ವರ್ಗದಲ್ಲಿದ್ದಾರೆ. ಅವರ ಹಾಗೆ ನಾವೂ ಗುಟ್ಟಾಗಿ ಕೊಡೋಣ ಬಾ." ಡಿಸೆಂಬರ್ 6ರಂದು ಮಗು ತನ್ನದೊಂದು ಆಟಿಕೆಯನ್ನೋ ಒಳ್ಳೆಯ ಬಟ್ಟೆಯನ್ನೋ ಆರಿಸಿ, ಹೆಸರು ಹೇಳದೆ ಇಲ್ಲದವರಿಗೆ ಮುಟ್ಟಿಸಲಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಮಾತು ಅದಕ್ಕೆ ಆಗ ಅರ್ಥವಾಗುತ್ತದೆ. ಸತ್ಯ ತಿಳಿದ ದೊಡ್ಡ ಮಕ್ಕಳು ಚಿಕ್ಕವರನ್ನು ಹಾಸ್ಯ ಮಾಡದೆ ಈ ಗುಟ್ಟಿನಲ್ಲಿ ಪಾಲುಗಾರರಾಗಲಿ.

ಇನ್ನೊಂದು ಮಾತು. ತಾತನ ಕಥೆಯನ್ನೂ ಯೇಸುವಿನ ಜನನವನ್ನೂ ಒಂದೇ ದನಿಯಲ್ಲಿ ಹೇಳಬೇಡಿ. ತಾತ ನಟನೆಯೆಂದು ಮುಂದೆ ತಿಳಿದ ಮಗು, ಗೋದಲಿಯ ಕಂದನನ್ನೂ ಹಾಗೆಯೇ ಎಂದು ಭಾವಿಸೀತು. ತಾತನನ್ನು ಆಟದ ಹೊತ್ತಿಗೆ ಬಿಡಿ. ಯೇಸುವಿನ ಜನನವನ್ನು ಸಂಜೆಯ ಪ್ರಾರ್ಥನೆಯಲ್ಲಿ, ಶುಭಸಂದೇಶ ಓದಿ ತಿಳಿಸಿ. 1223ರಲ್ಲಿ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಕ್ರಿಸ್ತಜಯಂತಿ ಆಚರಿಸಿದ್ದು, ಜನರು ಪ್ರಭುವಿನ ಬಡತನವನ್ನು ಕಣ್ಣಾರೆ ಕಾಣಲೆಂದು. 1949ರಲ್ಲಿ ಸ್ಥಾಪನೆಯಾದ ನಮ್ಮ ಬಳ್ಳಾರಿ ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷರೂ ಫ್ರಾನ್ಸಿಸ್ಕನ್ ಸಭೆಯವರೇ. ಈ ವರ್ಷ ಸಿರುಗುಪ್ಪದ ಗದ್ದೆಯ ಭತ್ತದ ಹುಲ್ಲು ತಂದು, ಮಕ್ಕಳ ಕೈಯಿಂದಲೇ ಗೋದಲಿ ಹೊದಿಸೋಣ. ಬಾಲಯೇಸುವನ್ನು ಮಲಗಿಸುವ ಭಾಗ್ಯ ಮನೆಯ ಕಿರಿಯ ಮಗುವಿಗಿರಲಿ.

ನಿಜ ಹೇಳಿದ ತಂದೆತಾಯಿ ನಾಳೆ ದೇವರ ಬಗ್ಗೆ ಹೇಳಿದರೂ ಮಕ್ಕಳು ನಂಬುತ್ತಾರೆ. ಆ ನಂಬಿಕೆಯನ್ನು ಬಾಲಯೇಸು ನಿಮ್ಮ ಮನೆಗಳಲ್ಲಿ ಕಾಪಾಡಲಿ. ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.