ಶಾಲೆಗಳು ಹಲವು, ಮಕ್ಕಳು ಎಲ್ಲರವರು

ಬೇಸಿಗೆ ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಶಾಲೆಯದೇ ಮಾತು. ಯಾವ ಶಾಲೆ ಒಳ್ಳೆಯದು, ಸೀಟು ಸಿಗುತ್ತದೆಯೋ ಇಲ್ಲವೋ, ಅರ್ಜಿ ಎಲ್ಲೆಲ್ಲಿ ಹಾಕಬೇಕು ಎಂಬ ಚಿಂತೆ. ಒಂದು ಊರಿನ ಪ್ರತಿಯೊಂದು ಶಾಲೆಯೂ ತನ್ನಷ್ಟಕ್ಕೆ ತಾನು ಚೆನ್ನಾಗಿ ನಡೆದರೆ ಸಾಕೇ? ಅಥವಾ ಊರಿನ ಎಲ್ಲ ಮಕ್ಕಳ ಹೊಣೆಯನ್ನು ಎಲ್ಲ ಶಾಲೆಗಳೂ ಕೂಡಿ ಹೊರಬೇಕೇ? ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಈ ಪ್ರಶ್ನೆಯನ್ನು ಬಹಳ ಕಷ್ಟದ ದಾರಿಯಲ್ಲಿ ಎದುರಿಸಬೇಕಾಯಿತು. ಅಲ್ಲಿ ನಡೆದದ್ದೇನು ಎಂಬುದನ್ನು ನಾವು ಸ್ವಲ್ಪ ವಿವರವಾಗಿ ತಿಳಿಯೋಣ.

ನ್ಯೂ ಆರ್ಲಿಯನ್ಸ್ ಇರುವುದು ಲೂಯಿಸಿಯಾನ ರಾಜ್ಯದಲ್ಲಿ. ಫ್ರೆಂಚರೂ ಸ್ಪೇನಿನವರೂ ಆಳಿದ ಕಥೋಲಿಕ ನಾಡು ಅದು. ಈ ಕಾರಣದಿಂದಲೇ ಬೇರೆ ರಾಜ್ಯಗಳಲ್ಲಿ ಕೌಂಟಿ ಎನ್ನುವ ಜಿಲ್ಲೆಗಳನ್ನು ಅಲ್ಲಿ ಇಂದಿಗೂ ಪ್ಯಾರಿಷ್ ಎನ್ನುತ್ತಾರೆ. ಅರ್ಸುಲೈನ್ ಧರ್ಮಭಗಿನಿಯರು 1727ರಲ್ಲಿ ಅಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ ಈಗಲೂ ನಡೆಯುತ್ತಿದೆ. ಆದರೆ ಬಡ ಮಕ್ಕಳಲ್ಲಿ ಹೆಚ್ಚಿನವರು, ಅದರಲ್ಲೂ ಕಪ್ಪುಜನರ ಮಕ್ಕಳು, ಓದುತ್ತಿದ್ದುದು ಆರ್ಲಿಯನ್ಸ್ ಪ್ಯಾರಿಷ್ ಶಾಲಾ ಮಂಡಳಿಯ ಸಾರ್ವಜನಿಕ ಶಾಲೆಗಳಲ್ಲಿ. 2005ರ ಚಂಡಮಾರುತಕ್ಕೆ ಮೊದಲು ಸುಮಾರು 65,000 ಮಕ್ಕಳು ಅಲ್ಲಿದ್ದರು. ಆಡಳಿತ ಹದಗೆಟ್ಟಿತ್ತು, ಫಲಿತಾಂಶವೂ ರಾಜ್ಯದಲ್ಲೇ ಬಹಳ ಕೆಳಗಿತ್ತು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ನೀರು ತಡೆಯುವ ಒಡ್ಡುಗಳು ಒಡೆದು ನಗರದ ಐದರಲ್ಲಿ ನಾಲ್ಕು ಪಾಲು ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ರಾಜ್ಯ ಸರ್ಕಾರ ನೂರಕ್ಕೂ ಹೆಚ್ಚು ಶಾಲೆಗಳನ್ನು ಮಂಡಳಿಯಿಂದ ತನ್ನ ಕೈಗೆ ತೆಗೆದುಕೊಂಡಿತು. 7,000ಕ್ಕೂ ಹೆಚ್ಚು ಶಿಕ್ಷಕರು ಮತ್ತು ನೌಕರರು ಕೆಲಸ ಕಳೆದುಕೊಂಡರು. ಮುಂದಿನ ವರ್ಷಗಳಲ್ಲಿ ಹೆಚ್ಚಿನ ಶಾಲೆಗಳು ಚಾರ್ಟರ್ ಶಾಲೆಗಳಾದವು.

ಚಾರ್ಟರ್ ಶಾಲೆ ಎಂದರೇನು? ಚಾರ್ಟರ್ ಎಂದರೆ ಒಪ್ಪಂದಪತ್ರ. ಹಣ ಸರ್ಕಾರದ್ದು, ಮಕ್ಕಳಿಂದ ಶುಲ್ಕವಿಲ್ಲ. ಆದರೆ ಶಾಲೆಯನ್ನು ನಡೆಸುವುದು ಒಂದು ಸ್ವತಂತ್ರ ಸಮಿತಿ. ಶಿಕ್ಷಕರ ನೇಮಕ, ಪಾಠಕ್ರಮ, ವೇಳಾಪಟ್ಟಿ ಎಲ್ಲವೂ ಆ ಸಮಿತಿಯ ಇಷ್ಟ. ಅದಕ್ಕೆ ಪ್ರತಿಯಾಗಿ, ಗೊತ್ತುಪಡಿಸಿದ ವರ್ಷಗಳಲ್ಲಿ ಮಕ್ಕಳ ಕಲಿಕೆ ಇಷ್ಟು ಮುಟ್ಟಬೇಕೆಂದು ಸಮಿತಿ ಮಾತು ಕೊಡುತ್ತದೆ. ಕೊಟ್ಟ ಮಾತು ನಡೆಯದಿದ್ದರೆ ಒಪ್ಪಂದ ರದ್ದು. ಇಂತಹ ಕಾನೂನು ಮೊದಲು ಬಂದದ್ದು 1991ರಲ್ಲಿ, ಮಿನ್ನೆಸೋಟ ರಾಜ್ಯದಲ್ಲಿ. ನಮ್ಮ ಅನುದಾನಿತ ಶಾಲೆಗಳಿಗೂ ಇವಕ್ಕೂ ಸ್ವಲ್ಪ ಹೋಲಿಕೆಯುಂಟು. ಆದರೆ ಚಾರ್ಟರ್ ಶಾಲೆಗೆ ಸ್ವಾತಂತ್ರ್ಯ ಹೆಚ್ಚು, ಮುಚ್ಚಿಹೋಗುವ ಭಯವೂ ಹೆಚ್ಚು.

ತೊಂದರೆ ಶುರುವಾದದ್ದು ಇಲ್ಲಿಯೇ. ಶಾಲೆಯ ಉಳಿವು ಪರೀಕ್ಷಾ ಫಲಿತಾಂಶದ ಮೇಲೆ ನಿಂತಿತು. ಹಾಗಾದರೆ ನಿಧಾನವಾಗಿ ಕಲಿಯುವ ಮಗು, ಗಾಲಿಕುರ್ಚಿಯಲ್ಲಿ ಬರುವ ಮಗು, ಮನೆಯ ಕಷ್ಟದಿಂದ ಕೆರಳಿದ ಮಗು ಯಾರಿಗೆ ಬೇಕು? ಪ್ರತಿ ಶಾಲೆಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕೊನೆಯ ದಿನಾಂಕ. ತಿಳಿವಳಿಕೆಯಿದ್ದ ತಾಯ್ತಂದೆಯರು ಓಡಾಡಿ ಸೀಟು ಗಿಟ್ಟಿಸಿಕೊಂಡರು. ಎರಡು ಕಡೆ ದುಡಿಯುವ ತಾಯಿಗೆ ಅದು ಸಾಧ್ಯವಾಗಲಿಲ್ಲ. ಮಗುವನ್ನು ಹೊರಹಾಕುವ ನಿಯಮವನ್ನೂ ಶಾಲೆಗಳೇ ಮಾಡಿಕೊಂಡವು. ಹೊರಬಿದ್ದ ಮಗು ಎಲ್ಲಿಗೆ ಹೋಯಿತೆಂದು ಕೇಳುವವರು ಯಾರು? 2010ರಲ್ಲಿ ಅಂಗವಿಕಲ ಮಕ್ಕಳ ಪರವಾಗಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಈ ಮಕ್ಕಳಿಗೆ ಪ್ರವೇಶ ಸಿಗುತ್ತಿಲ್ಲ, ಸಿಕ್ಕರೂ ಬೇಕಾದ ನೆರವಿಲ್ಲ ಎಂಬುದು ದೂರು. 2015ರಲ್ಲಿ ಅದು ರಾಜಿಯಾಗಿ, ಶಾಲೆಗಳ ನಡೆಯನ್ನು ನೋಡಿಕೊಳ್ಳಲು ಸ್ವತಂತ್ರ ಮೇಲ್ವಿಚಾರಣೆ ಏರ್ಪಟ್ಟಿತು.

ಒಳ್ಳೆಯ ಶಾಲೆಗಳು ಎಷ್ಟೇ ಇದ್ದರೂ, ಎಲ್ಲರ ಹೊಣೆ ಯಾರ ಹೊಣೆಯೂ ಆಗದೆ ಉಳಿಯಬಹುದು ಎಂಬುದು ಆಗ ಸ್ಪಷ್ಟವಾಯಿತು. ಶಾಲೆಗಳು ತಮ್ಮ ಸ್ವಾತಂತ್ರ್ಯದಲ್ಲಿ ಒಂದಿಷ್ಟನ್ನು ಬಿಟ್ಟುಕೊಡಬೇಕಾಯಿತು. ಮುಖ್ಯವಾಗಿ ಮೂರು ವಿಷಯಗಳಲ್ಲಿ ಅವು ಒಂದಾದವು.

ಮೊದಲನೆಯದು, ಒಳಗೆ ಬರುವ ಬಾಗಿಲು. 2012ರಲ್ಲಿ ಒನ್‌ಆ್ಯಪ್ ಎಂಬ ಒಂದೇ ಅರ್ಜಿ ಜಾರಿಗೆ ಬಂತು. ತಾಯ್ತಂದೆಯರು ತಮಗೆ ಬೇಕಾದ ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಟ್ಟರೆ ಸಾಕು. ಅಣ್ಣನೋ ಅಕ್ಕನೋ ಅಲ್ಲಿ ಓದುತ್ತಿದ್ದರೆ ಆದ್ಯತೆ ಇರುತ್ತದೆ. ಉಳಿದದ್ದನ್ನು ಗಣಕಯಂತ್ರ ಲಾಟರಿ ಸಂಖ್ಯೆಯ ಆಧಾರದ ಮೇಲೆ ಹಂಚುತ್ತದೆ. ಮಗುವನ್ನು ಆರಿಸುವ ಅಧಿಕಾರ ಮುಖ್ಯೋಪಾಧ್ಯಾಯರ ಕೈಯಲ್ಲಿ ಉಳಿಯಲಿಲ್ಲ. ಹೆಸರುವಾಸಿಯಾದ ಕೆಲವು ಶಾಲೆಗಳು ಮೊದಲಿಗೆ ಇದರಿಂದ ಹೊರಗೇ ನಿಂತವು ಎಂಬುದನ್ನೂ ಹೇಳಬೇಕು.

ಎರಡನೆಯದು, ಹೊರಗೆ ಹೋಗುವ ಬಾಗಿಲು. ಅದೇ 2012ರಲ್ಲಿ, ಯಾವ ತಪ್ಪಿಗೆ ಮಗುವನ್ನು ಶಾಲೆಯಿಂದ ತೆಗೆಯಬಹುದು ಎಂಬ ಒಂದೇ ಪಟ್ಟಿ ಸಿದ್ಧವಾಯಿತು. ಸಮವಸ್ತ್ರ ಸರಿಯಿಲ್ಲ, ಎದುರುತ್ತರ ಕೊಟ್ಟ ಎಂಬಂತಹ ಸಣ್ಣ ಕಾರಣಕ್ಕೆ ತೆಗೆಯುವಂತಿಲ್ಲ. ವಿಚಾರಣೆ ನಡೆಸುವುದು ಶಾಲೆಯಲ್ಲ, ಹೊರಗಿನ ಒಂದು ಕಚೇರಿ. ಮಗುವನ್ನು ತೆಗೆದದ್ದೇ ಆದರೆ, ಮುಂದೆ ಅದು ಎಲ್ಲಿ ಓದಬೇಕೆಂಬುದನ್ನೂ ಆ ವ್ಯವಸ್ಥೆಯೇ ನೋಡಿಕೊಳ್ಳಬೇಕು.

ಮೂರನೆಯದು, ಹಣದ ಹಂಚಿಕೆ. ಹೆಚ್ಚು ನೆರವು ಬೇಕಾದ ಮಗುವನ್ನು ಸೇರಿಸಿಕೊಂಡ ಶಾಲೆಗೆ ನಷ್ಟವಾಗಬಾರದಲ್ಲವೇ? 2016ರಲ್ಲಿ ಬಂದ ಹೊಸ ಸೂತ್ರದಂತೆ, ಗಂಭೀರ ಅಂಗವೈಕಲ್ಯವಿರುವ ಮಗುವಿನ ಜೊತೆಯಲ್ಲಿ ಹೆಚ್ಚು ಹಣವೂ ಆ ಶಾಲೆಗೆ ಹೋಗುತ್ತದೆ. ಅದೇ ವರ್ಷದ ಕಾನೂನಿನಂತೆ 2018ರ ಜುಲೈ 1ರಂದು ಶಾಲೆಗಳೆಲ್ಲ ಮತ್ತೆ ಜನರು ಆರಿಸಿದ ಸ್ಥಳೀಯ ಮಂಡಳಿಯಡಿ ಬಂದವು. ಪಾಠ, ನೇಮಕ ಶಾಲೆಗೆ ಬಿಟ್ಟದ್ದು; ಪ್ರವೇಶ, ಉಚ್ಚಾಟನೆಯಂತಹ ವಿಷಯ ಎಲ್ಲರಿಗೂ ಸೇರಿದ್ದು ಎಂದು ಗೆರೆ ಎಳೆಯಲಾಯಿತು.

ಫಲವೇನು? ಟುಲೇನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕತ್ರಿನಾ ನಂತರದ ಬದಲಾವಣೆಗಳೆಲ್ಲ ಸೇರಿ ಮಕ್ಕಳ ಪರೀಕ್ಷಾ ಅಂಕಗಳು ಏರಿದವು, ಪ್ರತಿ 100 ಮಕ್ಕಳಲ್ಲಿ ಮೊದಲಿಗಿಂತ 3ರಿಂದ 9 ಮಂದಿ ಹೆಚ್ಚಾಗಿ ಪ್ರೌಢಶಾಲೆ ಮುಗಿಸಿದರು ಎಂದು ಅವರು ಕಂಡುಕೊಂಡರು. ಆದರೆ ಈ ಏಳಿಗೆಗೆ ಬಹುಮಟ್ಟಿಗೆ ಕಾರಣವಾದದ್ದು ಸೋತ ಶಾಲೆಗಳನ್ನು ಮುಚ್ಚಿ ಬೇರೆಯವರಿಗೆ ವಹಿಸಿದ್ದು. ತಲಾ ಮಗುವಿನ ಖರ್ಚು ಏರಿದರೂ, ಆಡಳಿತಕ್ಕೆ ಹೋದದ್ದು ಹೆಚ್ಚು. ನೇರವಾಗಿ ಬೋಧನೆಗೆ ಹೋದದ್ದು ಮೊದಲಿಗಿಂತ ಕಡಿಮೆ.

ನೋವುಗಳೂ ಇವೆ. ಕೆಲಸ ಕಳೆದುಕೊಂಡ ಶಿಕ್ಷಕರಲ್ಲಿ ಬಹುಪಾಲು ಆ ಮಕ್ಕಳ ನೆರೆಹೊರೆಯವರೇ ಆದ ಕಪ್ಪುಜನರು. ಅವರ ಗಾಯ ಇನ್ನೂ ಮಾಸಿಲ್ಲ. ಮನೆಯ ಪಕ್ಕದ ಶಾಲೆ ತಪ್ಪಿ, ಬೆಳಕು ಹರಿಯುವ ಮುನ್ನ ಬಸ್ಸಿಗೆ ಕಾಯುವ ಪಾಡು ಎಷ್ಟೋ ಮಕ್ಕಳದಾಯಿತು. ಒಂದು ಅವಧಿಯಲ್ಲಿ ನಗರದ ಸಾರ್ವಜನಿಕ ಶಾಲೆಗಳೆಲ್ಲ ಚಾರ್ಟರ್ ಶಾಲೆಗಳೇ ಆಗಿದ್ದವು. 2024ರಲ್ಲಿ ಮಂಡಳಿ ತಾನೇ ನೇರವಾಗಿ ನಡೆಸುವ ಒಂದು ಶಾಲೆಯನ್ನು ಮತ್ತೆ ತೆರೆದು, ಆ ಊರಿನ ಹೆಸರಾಂತ ಅಡುಗೆಯವರಾಗಿದ್ದ ಲಿಯಾ ಚೇಸ್ ಅವರ ಹೆಸರಿಟ್ಟಿತು. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ ಹೋರಾಟಗಾರರಿಗೆ ತಮ್ಮ ಹೋಟೆಲಿನಲ್ಲಿ ಊಟ ಬಡಿಸಿದ ತಾಯಿ ಅವರು.

ಪ್ರಿಯ ಓದುಗರೇ, ಶಾಲೆಗಳ ನಡುವೆ ಪೈಪೋಟಿ ಇದ್ದರೆ ಕಲಿಕೆ ಹರಿತವಾಗಬಹುದು. ಆದರೆ ಪೈಪೋಟಿ ತಾನಾಗಿಯೇ ಕೊನೆಯ ಮಗುವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದಕ್ಕೆ ಎಲ್ಲರೂ ಒಪ್ಪಿದ ಒಂದು ಕಟ್ಟು ಬೇಕು, ಅದನ್ನು ಕಾಯುವ ಒಂದು ಮಂಡಳಿ ಬೇಕು. ಶಾಲೆಯೊಂದರ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು, ಮೊದಲ ಸ್ಥಾನ ಪಡೆದವರು ಎಷ್ಟು ಮಂದಿ ಎಂದು. ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಈ ವರ್ಷ ಶಾಲೆ ಬಿಟ್ಟವರು ಯಾರು, ಅವರು ಈಗ ಎಲ್ಲಿದ್ದಾರೆ?