ಸದನದಲ್ಲಿ ಗೋಡೆ, ಹೊರಗೆ ಬಾಗಿಲು

ಯಾದಗಿರಿ ಜಿಲ್ಲೆಯ ದೋರನಹಳ್ಳಿಯ ಸುತ್ತಣ ಶಹಾಪುರ-ಸುರಪುರ ಸೀಮೆಯಲ್ಲಿ ಚುನಾವಣೆಯ ಮಾತೆದ್ದರೆ ಪಕ್ಷಕ್ಕಿಂತ ಮೊದಲು ವ್ಯಕ್ತಿಯ ಹೆಸರೇ ನಾಲಗೆಗೆ ಬರುವುದುಂಟು. ಸುರಪುರದಲ್ಲಿ 2013ರಲ್ಲಿ ಕಾಂಗ್ರೆಸ್ಸಿನ ರಾಜಾ ವೆಂಕಟಪ್ಪ ನಾಯಕರು, 2018ರಲ್ಲಿ ಬಿಜೆಪಿಯ ರಾಜುಗೌಡರು, 2023ರಲ್ಲಿ ಮರಳಿ ವೆಂಕಟಪ್ಪ ನಾಯಕರು ಗೆದ್ದರು. ರಾಜುಗೌಡರಾದರೋ 2004ರಲ್ಲಿ ಗೆದ್ದುದು ಕನ್ನಡನಾಡು ಪಕ್ಷದಿಂದ. ಪಕ್ಷವೆಂಬುದು ಇಷ್ಟು ಸುಲಭವಾಗಿ ಬದಲಾಗಬಲ್ಲ ನಾಡಿನಲ್ಲಿ, ಆಯ್ಕೆಯಾಗಿ ಬೆಂಗಳೂರಿಗೆ ಹೋದವರು ಸದನದೊಳಗೆ ಪರಸ್ಪರ ಇಷ್ಟೊಂದು ವಿಮುಖರಾಗುವುದು ಹೇಗೆ?

ಅಭಿಪ್ರಾಯಭೇದವೇ ಇದಕ್ಕೆ ಮೂಲವೆಂದು ನಂಬುವುದು ನನಗೆ ಕಷ್ಟ. ಪಕ್ಷಾಂತರದ ಪಿಡುಗನ್ನು ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಆದೇಶವಾದ ವಿಪ್ ಮೀರಿ ಮತವಿತ್ತ ಸದಸ್ಯನು, ಪಕ್ಷವು ಮನ್ನಿಸದಿದ್ದರೆ, ಸ್ಥಾನವನ್ನೇ ಕಳೆದುಕೊಳ್ಳುತ್ತಾನೆ. ವಿಶ್ವಾಸಮತಕ್ಕೂ ಪಕ್ಷವು ಜನರ ಮುಂದಿಟ್ಟ ಮುಖ್ಯ ಕಾರ್ಯಕ್ರಮಕ್ಕೂ ಮಾತ್ರ ಈ ನಿರ್ಬಂಧವಿರಲೆಂದು ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಹೇಳಿತಾದರೂ, ಆ ಹಿತವಚನಕ್ಕೆ ಕಿವಿಗೊಡುವ ಔದಾರ್ಯವನ್ನು ಪಕ್ಷಗಳು ತೋರಲಿಲ್ಲ. ಎಂಥ ಯುಕ್ತಿವಾದಕ್ಕೂ ಎದುರುಸಾಲಿನ ಮತವು ಕದಲದೆಂದು ಮೊದಲೇ ನಿಶ್ಚಿತವಾದ ಮೇಲೆ ಮನವೊಲಿಸುವ ಶ್ರಮವೇಕೆ? ಮಾತು ಕ್ಯಾಮೆರಾದತ್ತ ಹೊರಳುತ್ತದೆ. ಮಾತು ಸಾಲದಾದಾಗ ಕೈ ಮುಂದಾಗುತ್ತದೆ. 2020ರ ಡಿಸೆಂಬರ್ 15ರಂದು ವಿಧಾನಪರಿಷತ್ತಿನಲ್ಲಿ ಉಪಸಭಾಪತಿಯವರನ್ನೇ ಸದಸ್ಯರು ಪೀಠದಿಂದ ಎಳೆದಿಳಿಸಿದರು. 2025ರ ಮಾರ್ಚ್ 21ರಂದು ವಿಧಾನಸಭೆಯು ಗದ್ದಲವೆಬ್ಬಿಸಿದ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತಿನಲ್ಲಿಟ್ಟಿತು. (ಮೇ ತಿಂಗಳಲ್ಲಿ ಅದು ರದ್ದಾಯಿತೆನ್ನಿ.)

ಇಷ್ಟಾಗಿಯೂ ಪಕ್ಷಾಂತರ ನಿಂತಿತೇ? 2019ರಲ್ಲಿ ಪಕ್ಷಾಂತರಕ್ಕಾಗಿ ಅನರ್ಹಗೊಂಡ ರಾಜ್ಯದ 17 ಮಂದಿ ಶಾಸಕರಿಗೆ ಮರಳಿ ಸ್ಪರ್ಧಿಸಲು ನ್ಯಾಯಾಲಯವು ಅವಕಾಶವಿತ್ತಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ 11 ಮಂದಿ ಬಿಜೆಪಿಯ ಟಿಕೆಟ್ಟಿನಿಂದ ಗೆದ್ದುಬಂದರು. ಒಂದು ಮಸೂದೆಯ ಮೇಲೆ ಭಿನ್ನಮತ ಸೂಚಿಸಲು ಕಿಂಡಿಯಿಲ್ಲದ ಈ ಗೋಡೆಯಲ್ಲಿ, ಇಡಿಯಾಗಿ ದಾಟಿಹೋಗಲು ಬಾಗಿಲು ಮಾತ್ರ ಉಂಟು.

ಆದರೂ ದೋಷವನ್ನೆಲ್ಲ ಕಾನೂನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಥ ಕಾನೂನೇ ಇಲ್ಲದ ಅಮೆರಿಕದ ಕಾಂಗ್ರೆಸ್ಸೂ ಇಬ್ಭಾಗವಾಗಿ ಕುಳಿತಿದೆ. ಅಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸ್ವಪಕ್ಷದ ಉಗ್ರ ಬೆಂಬಲಿಗರಿಗೆ ಸದಸ್ಯನು ಅಂಜಬೇಕು, ಇಲ್ಲಿ ಟಿಕೆಟ್ ಕೊಡುವ ಹೈಕಮಾಂಡಿಗೆ.

ಆ ಅಂಜಿಕೆಯನ್ನು ಮೀರಿಸುವ ಅಂಜಿಕೆಯೊಂದು ಈ ಸೀಮೆಯಿಂದಲೇ ಹುಟ್ಟಿದ್ದುಂಟು. ವೈಜನಾಥ ಪಾಟೀಲರೇ ಮೊದಲಾದವರು ದೀರ್ಘಕಾಲ ಹೋರಾಡಿದ, ಹೈದರಾಬಾದ್-ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ 371(ಜೆ) ವಿಧಿಗಾಗಿ 2012ರ ಮಾರ್ಚಿನಲ್ಲಿ ರಾಜ್ಯದ ಉಭಯ ಸದನಗಳೂ ನಿರ್ಣಯ ಕೈಗೊಂಡವು. ಆಗ ರಾಜ್ಯದಲ್ಲಿ ಬಿಜೆಪಿಯ, ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ. ಡಿಸೆಂಬರಿನಲ್ಲಿ ಸಂಸತ್ತು ಆ ತಿದ್ದುಪಡಿಯನ್ನು ಅಂಗೀಕರಿಸಿತು. ಆ ಬೇಡಿಕೆಯನ್ನು ವಿರೋಧಿಸಿ ಊರಿಗೆ ಮರಳುವ ಧೈರ್ಯ ಕಲಬುರಗಿ, ಯಾದಗಿರಿ ಕಡೆಯ ಯಾವ ಪಕ್ಷದ ಶಾಸಕನಿಗೂ ಇರಲಿಲ್ಲ.