ಎಡಗೈಯಿಂದ ಬಿದ್ದ ಹೂವು

ವಂಗಸಾಹಿತ್ಯವೆಂದೊಡನೆ ಕನ್ನಡಿಗರ ನೆನಪಿಗೆ ಬರುವವರು ಬಂಕಿಮಚಂದ್ರ, ರವೀಂದ್ರನಾಥ, ಶರಚ್ಚಂದ್ರರು. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ನಮ್ಮಲ್ಲಿ ಕಾದಂಬರಿಯ ರುಚಿಯನ್ನೇ ಬೆಳೆಸಿದ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಈ ಪರಿಚಯದ ಬಾಗಿಲಿನಿಂದ ಒಳಹೊಕ್ಕವರಿಗೆ, ಆ ಸಾಹಿತ್ಯವೆಲ್ಲವೂ ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ ಇಂಗ್ಲಿಷ್ ವಿದ್ಯೆಯ ಸಂಪರ್ಕದಿಂದ ಜನಿಸಿತೆಂಬ ಭ್ರಾಂತಿಯುಂಟಾಗುವುದು ಸಹಜ. ಹರಪ್ರಸಾದ ಶಾಸ್ತ್ರಿಗಳು 1907ರಲ್ಲಿ ನೇಪಾಳದ ರಾಜಗ್ರಂಥಾಲಯದಲ್ಲಿ ಕಂಡು 1916ರಲ್ಲಿ ಪ್ರಕಟಿಸಿದ ಬೌದ್ಧಸಿದ್ಧರ ಚರ್ಯಾಗೀತೆಗಳಿಂದ ಮೊದಲ್ಗೊಂಡು, ಫುಲಿಯಾ ಗ್ರಾಮದ ಕೃತ್ತಿವಾಸನ ರಾಮಾಯಣ, ಕಾಶೀರಾಮದಾಸನ ಭಾರತ, ಚೈತನ್ಯದೇವನ ಭಕ್ತಿಪ್ರವಾಹದಲ್ಲಿ ತುಂಬಿ ಹರಿದ ವೈಷ್ಣವ ಪದಾವಳಿ ಇವೆಲ್ಲವೂ ಆ ಕಾಲಕ್ಕೆ ಎಷ್ಟೋ ಹಿಂದಿನವು. ಇವುಗಳ ನಡುವೆ, ಸಂಸ್ಕೃತದ ಯಾವ ಮಹಾಗ್ರಂಥವನ್ನೂ ಮೂಲವಾಗಿ ಆಶ್ರಯಿಸದೆ, ಬಂಗಾಳದ ಜೌಗುನೆಲದಿಂದಲೇ ಮೇಲೆದ್ದ ಕಾವ್ಯಪರಂಪರೆಯೊಂದುಂಟು. ಅದೇ ಮಂಗಳಕಾವ್ಯ.

ಸುಮಾರು ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಬಾಳಿದ ಈ ಕಾವ್ಯಗಳ ನಾಯಕಸ್ಥಾನದಲ್ಲಿರತಕ್ಕವರು ಪುರಾಣಪ್ರಸಿದ್ಧ ದೇವತೆಗಳಲ್ಲ; ಹಾವುಗಳ ಒಡತಿ ಮನಸೆ, ಬೇಡರ ಕಾಡುಗಳನ್ನು ಕಾಯುವ ಚಂಡಿ, ಬಂಗಾಳದ ಪಶ್ಚಿಮಭಾಗವಾದ ರಾಢದೇಶದ ಕೆಳಜಾತಿಯವರು ಪೂಜಿಸುವ ಧರ್ಮಠಾಕುರ ಮುಂತಾದ ಗ್ರಾಮದೈವಗಳು. ಹದಿಮೂರನೆಯ ಶತಮಾನದ ಆದಿಯಲ್ಲಿ ತುರುಷ್ಕರ ಆಕ್ರಮಣದಿಂದ ಸೇನರಾಜ್ಯವು ಕುಸಿದ ಮೇಲೆ, ಆಶ್ರಯವನ್ನು ಕಳೆದುಕೊಂಡ ಮೇಲ್ವರ್ಗದವರು ಸಾಮಾನ್ಯ ಜನರ ದೈವಗಳೊಡನೆ ಸಂಧಿ ಮಾಡಿಕೊಳ್ಳಬೇಕಾಯಿತೆಂದೂ, ಆ ಸಂಧಿಯ ಫಲವೇ ಈ ಕಾವ್ಯಗಳೆಂದೂ ಅನೇಕ ವಿದ್ವಾಂಸರ ಅಭಿಪ್ರಾಯ. ಇದಕ್ಕಿಂತ ಸರಳವಾದ ಕಾರಣವೂ ಇಲ್ಲದಿಲ್ಲ. ಮಳೆಗಾಲದಲ್ಲಿ ಹೊಲಗದ್ದೆಗಳೆಲ್ಲ ಜಲಮಯವಾಗಿ, ಬಿಲಗಳನ್ನು ಕಳೆದುಕೊಂಡ ಸರ್ಪಗಳು ಮನೆಯ ದಿಬ್ಬಗಳನ್ನೇರಿ ಬರುವ ದೇಶದಲ್ಲಿ, ಶ್ರಾವಣಮಾಸ ಬಂತೆಂದರೆ ನಾಗದೇವಿಯನ್ನು ಸ್ಮರಿಸದಿರುವ ಧೈರ್ಯ ಯಾರಿಗಿದ್ದೀತು?

ಧೈರ್ಯವಿದ್ದವನೊಬ್ಬನಿದ್ದನು, ಅವನ ಕಥೆಯೇ ಮನಸಾಮಂಗಳ. ಚಂಪಕನಗರದ ವರ್ತಕ ಚಾಂದಸೌದಾಗರನು ಪರಮಶೈವ. ಶಿವನ ಮಗಳೇ ಆದರೂ ದೇವಸಭೆಯಲ್ಲಿ ಮನ್ನಣೆಯಿಲ್ಲದ ಮನಸೆಗೆ, ಅವನು ಪೂಜಿಸಿದ ಹೊರತು ಭೂಲೋಕದಲ್ಲಿ ತನ್ನ ಪೂಜೆ ಪ್ರಚುರವಾಗದು. ಚಾಂದನಾದರೋ ಅವಳನ್ನು ಒಕ್ಕಣ್ಣಿಯೆಂದು ಹಳಿದು, ದೊಣ್ಣೆಯೆತ್ತಿ ಅಟ್ಟುವನು. ದೇವಿ ಅವನ ಆರು ಮಂದಿ ಮಕ್ಕಳನ್ನು ಕೊಲ್ಲುವಳು, ಸರಕು ತುಂಬಿದ ಹಡಗುಗಳನ್ನು ಮುಳುಗಿಸುವಳು. ಭಿಕಾರಿಯಾಗಿ ಊರು ಸೇರಿದರೂ ಅವನ ಹಟ ಸಡಿಲದು. ಕೊನೆಯ ಮಗನಾದ ಲಖಿಂದರನ ವಿವಾಹರಾತ್ರಿಗಾಗಿ ಕಬ್ಬಿಣದ ಶಯ್ಯಾಗೃಹವನ್ನೇ ಕಟ್ಟಿಸಿದರೂ, ಕೂದಲೆಳೆಯಷ್ಟು ರಂಧ್ರದಿಂದ ಕಾಳನಾಗಿನಿ ಒಳನುಸುಳಿ ಅವನನ್ನು ಕಚ್ಚುವಳು. ನವವಧು ಬೇಹುಲೆ ಪತಿಯ ಶವದೊಡನೆ ಬಾಳೆಯ ತೆಪ್ಪವನ್ನೇರಿ, ಕೊಳೆಯುವ ದೇಹವನ್ನು ಕಾಯುತ್ತ, ಘಟ್ಟದಿಂದ ಘಟ್ಟಕ್ಕೆ ತೇಲಿ, ದೇವತೆಗಳ ಬಟ್ಟೆಯೊಗೆಯುವ ನೇತಾಳನ್ನು ಕಂಡು, ಅವಳ ನೆರವಿನಿಂದ ದೇವಸಭೆಯಲ್ಲಿ ನರ್ತಿಸಿ, ಗಂಡನ ಪ್ರಾಣವನ್ನೂ ಭಾವಂದಿರ ಪ್ರಾಣವನ್ನೂ ಮರಳಿ ಪಡೆಯುವಳು. ಅದಕ್ಕೆ ದೇವಿ ವಿಧಿಸಿದ ನಿಬಂಧನೆ ಒಂದೇ: ಚಾಂದನ ಪೂಜೆ. ಸೊಸೆಯ ಕಣ್ಣೀರಿಗೆ ಮಣಿದ ಚಾಂದನು ಮುಖವನ್ನು ಅತ್ತ ತಿರುಗಿಸಿ, ಶಿವನನ್ನು ಅರ್ಚಿಸಿದ ಬಲಗೈಯನ್ನು ಮುಟ್ಟಗೊಡದೆ, ಎಡಗೈಯಿಂದ ಒಂದು ಹೂವನ್ನು ಎಸೆಯುವನೆಂದು ಹಲವು ಪಾಠಗಳು ಹೇಳುತ್ತವೆ. ದೇವಿಗೆ ಅಷ್ಟೇ ಸಾಕಾಯಿತು!

ದೇವಿಯ ಮಹಿಮೆಯನ್ನು ಹಾಡುವುದಕ್ಕಾಗಿ ಹುಟ್ಟಿದ ಕಾವ್ಯದಲ್ಲಿ ಶ್ರೋತೃವಿನ ಗೌರವವೆಲ್ಲವೂ ದೇವಿಯ ಶತ್ರುವಿನ ಪಾಲಾಗುವುದು ವಿಚಿತ್ರವೇ ಸರಿ. 1494ರ ಸುಮಾರಿನ ವಿಜಯಗುಪ್ತನಾಗಲಿ, ಅವನ ಸಮಕಾಲೀನನಾದ ವಿಪ್ರದಾಸನಾಗಲಿ, ಹದಿನೇಳನೆಯ ಶತಮಾನದ ಕೇತಕಾದಾಸ ಕ್ಷೇಮಾನಂದನಾಗಲಿ ಹಾಗೆ ಉದ್ದೇಶಿಸಿದ್ದರೆಂದು ನಾನು ಹೇಳಲಾರೆ. ಭಕ್ತಿಯು ಒಂದು ಕಡೆಗೆ ಎಳೆದರೆ ಕವಿಪ್ರತಿಭೆಯು ಇನ್ನೊಂದು ಕಡೆಗೆ ನಡೆದುಹೋಗಿದೆ. 1861ರಲ್ಲಿ ಮೈಕೇಲ್ ಮಧುಸೂದನದತ್ತನು ರಾಮನನ್ನು ಬದಿಗಿಟ್ಟು ಮೇಘನಾದನನ್ನು ನಾಯಕನನ್ನಾಗಿ ಮಾಡಿದಾಗ, ವಿಮರ್ಶಕರು ಅದರಲ್ಲಿ ಮಿಲ್ಟನ್ನನ ಪ್ರಭಾವವನ್ನು ಕಂಡರು. ಪ್ರಭಾವವಿದ್ದುದು ನಿಜ, ಆದರೆ ದೈವಕ್ಕೆ ಇದಿರಾಗಿ ನಿಂತ ಮನುಷ್ಯನನ್ನು ಮೆಚ್ಚುವ ಅಭ್ಯಾಸವು ಬಂಗಾಳಿಗಳಿಗೆ ಅದಕ್ಕೆ ಮುನ್ನವೇ ಇತ್ತೆಂಬುದನ್ನು ಮರೆಯಬಾರದು.

ಈ ಕೃತಿಗಳು ಏಕಾಂತದಲ್ಲಿ ಓದುವುದಕ್ಕಾಗಿ ಹುಟ್ಟಿದವಲ್ಲ. ಗಾಯಕನು ಚಾಮರ ಹಿಡಿದು ಗೆಜ್ಜೆ ಕಟ್ಟಿ ಹಾಡುವನು, ಹಿಮ್ಮೇಳದವರು ಪಲ್ಲವಿಯೆತ್ತುವರು. ಚಂಡೀಮಂಗಳವಂತೂ ಒಂದು ಮಂಗಳವಾರ ಮೊದಲಾಗಿ ಮುಂದಿನ ಮಂಗಳವಾರಕ್ಕೆ ಮುಗಿಯುವ ಎಂಟು ದಿನಗಳ ಉತ್ಸವ. ಹದಿನಾಲ್ಕು ಅಕ್ಷರಗಳ ಪಯಾರ ಛಂದಸ್ಸು, ಕವಿಗೆ ಕನಸಿನಲ್ಲಿ ದೇವಿಯ ಆದೇಶ, ನಾಯಿಕೆಯ ಹನ್ನೆರಡು ತಿಂಗಳ ದುಃಖವನ್ನು ಹೇಳುವ ಬಾರೋಮಾಸ್ಯಾ ಇವು ಯಾವ ಕವಿಯೂ ಬಿಡಲಾಗದ ಕಟ್ಟುಗಳು.

ಆ ಕಟ್ಟುಗಳೊಳಗೇ ಸ್ವತಂತ್ರನಾಗಿ ಉಸಿರಾಡಿದವನು ಕವಿಕಂಕಣ ಮುಕುಂದರಾಮ ಚಕ್ರವರ್ತಿ. ಹದಿನಾರನೆಯ ಶತಮಾನದ ಕೊನೆಯಲ್ಲಿ, ಕಂದಾಯದ ಅಧಿಕಾರಿಯ ಹಿಂಸೆಯನ್ನು ತಾಳಲಾರದೆ ದಾಮುನ್ಯಾ ಗ್ರಾಮವನ್ನು ತೊರೆದು, ಅನ್ನಕ್ಕಾಗಿ ಮಗುವು ಅಳುತ್ತಿರಲು ಕೆರೆಯ ದಡದಲ್ಲಿ ನೈದಿಲೆಯನ್ನೇ ನೈವೇದ್ಯವಾಗಿಟ್ಟು ಪೂಜಿಸಿದ ತನ್ನ ವೃತ್ತಾಂತವನ್ನು ಅವನು ಚಂಡೀಮಂಗಳದ ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ. ಬಡತನವನ್ನು ಉಂಡು ಬಲ್ಲ ಆ ಲೇಖನಿಯಿಂದಲೇ ಬೇಡನಾದ ಕಾಲಕೇತು, ಮಾಂಸ ಮಾರುವ ಅವನ ಹೆಂಡತಿ ಫುಲ್ಲರೆ, ತೂಕದಲ್ಲಿ ಮೋಸಮಾಡುವ ಮುರಾರಿಶೀಲ, ಹಣವಿಲ್ಲದೆ ಸಂತೆಯನ್ನೇ ದೋಚುವ ಭಾಂಡುದತ್ತ ಮೂಡಿಬಂದರು. ಬೇಟೆಗೆ ಬೆದರಿದ ಕಾಡಿನ ಪ್ರಾಣಿಗಳು ಚಂಡಿಯ ಬಳಿ ತೋಡಿಕೊಳ್ಳುವ ಗೋಳು, ಸುಲಿಗೆಗೊಳಗಾದ ರೈತರ ಗೋಳಿನಂತೆಯೇ ಕೇಳಿಸುವುದು.

ಪರಂಪರೆಯ ಕೊನೆಯ ದೊಡ್ಡ ಹೆಸರು ಭಾರತಚಂದ್ರರಾಯನದು. ನದಿಯಾದ ರಾಜ ಕೃಷ್ಣಚಂದ್ರನ ಆಸ್ಥಾನದಲ್ಲಿ ಅವನು 1752ರಲ್ಲಿ ಮುಗಿಸಿದ ಅನ್ನದಾಮಂಗಳದಲ್ಲಿ ಶಬ್ದಚಮತ್ಕಾರಕ್ಕೆ ಕೊರತೆಯಿಲ್ಲ. ಭಯಭಕ್ತಿಗಳು ಮಾತ್ರ ಹಿಂದೆ ಸರಿದಿವೆ. ಆದರೂ ದೇವಿಯನ್ನು ನದಿ ದಾಟಿಸಿದ ಅಂಬಿಗನು, ಏನು ಬೇಕಾದರೂ ಕೇಳೆಂದಾಗ, ಮಕ್ಕಳಿಗೆ ಹಾಲನ್ನದ ಕೊರತೆಯಾಗದಿರಲೆಂದಷ್ಟೇ ಬೇಡುವ ಪ್ರಸಂಗವನ್ನು ಬಂಗಾಳವು ಇಂದಿಗೂ ಮರೆತಿಲ್ಲ. 1757ರಲ್ಲಿ ಪ್ಲಾಸೀ ಕದನ, 1760ರಲ್ಲಿ ಕವಿಯ ಮರಣ. ಅನಂತರ ಬಂದದ್ದು ಮುದ್ರಣಯಂತ್ರ ಮತ್ತು ಗದ್ಯಗಳ ಯುಗ.

ಬಂಗಾಳಿಯನ್ನು ಕಲಿಯಲೆಳಸುವ ಕನ್ನಡಿಗರು ರವೀಂದ್ರರಿಂದಲೇ ಆರಂಭಿಸಲಿ, ಬೇಡವೆನ್ನುವುದಿಲ್ಲ. ಆದರೆ ಅಕ್ಷರಗಳು ಕೈಗೆ ಹತ್ತಿದ ಬಳಿಕ ಮುಕುಂದರಾಮನ ಕಾಲಕೇತುವಿನ ಉಪಾಖ್ಯಾನವನ್ನು ಒಮ್ಮೆ ಓದಿ ನೋಡಬೇಕು. ಗಾತ್ರದಲ್ಲಿ ಚಿಕ್ಕದು, ಹಾಸ್ಯದಲ್ಲಿ ಹಿರಿದು, ಮತ್ತು ಭಾರತಚಂದ್ರನ ನಯಕ್ಕಿಂತ ನನ್ನ ಮಟ್ಟಿಗೆ ಹೆಚ್ಚು ಸತ್ತ್ವವುಳ್ಳದ್ದು.